ಕೊನೆಯ ಪಂಕ್ತಿ

"ಆಯ್ತು. ಇನ್ನೊಂದ್ಸಲ ಕೇಳಲ್ಲ. ಮಾತು ಕೊಟ್ಟಿದೀನಿ."

ತುಮಕೂರಿನ ಬಟವಾಡಿಯ ಬಸ್‌ಸ್ಟಾಪಿನಲ್ಲಿ, ಹೆದ್ದಾರಿಯ ಲಾರಿಗಳ ಗದ್ದಲದ ನಡುವೆ ಅಷ್ಟು ಹೇಳಿ ಉದಯಕುಮಾರ್ ಸಿಟಿ ಬಸ್ಸು ಹತ್ತಿಬಿಟ್ಟಿದ್ದ. ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಅದು.

ಅವನು ಕುಣಿಗಲ್ ಕಡೆಯ ಕೊತ್ತಗೆರೆಯ ಹುಡುಗ. ತುಮಕೂರಿನ ಮಠದ ಹಾಸ್ಟೆಲ್ಲಿನಲ್ಲಿ ಉಂಡು, ಅಲ್ಲೇ ಬೆಳೆದು, ಕಾಲೇಜಿಗೆ ಬಂದವನು. ಭೂಮಿಕಾ ಬಟವಾಡಿಯ ಹಾರ್ಡ್‌ವೇರ್ ಅಂಗಡಿ ಚನ್ನವೀರಯ್ಯನವರ ಮಗಳು. ಅಂಗಡಿ ಆ ಸ್ಟಾಪಿನ ಎದುರಿಗೇ ಇತ್ತು. ಕೆಲಸ ಹಿಡಿದ ಮೇಲೆ ನನ್ನ ಮದುವೆ ಆಗ್ತೀಯಾ ಎಂದು ಅವನು ಕೇಳಿದಾಗ ಅವಳಿಗೆ ಕಂಡದ್ದು ಅವನ ಮುಖವಲ್ಲ. ಅವನ ಭುಜದ ಆಚೆ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅಪ್ಪ.

ಹೆದರಿಬಿಟ್ಟಳು. ಇನ್ನೆಂದೂ ಈ ಮಾತು ಎತ್ತಬೇಡ, ಎತ್ತಲ್ಲ ಅಂತ ಮಾತು ಕೊಡು ಅಂದಳು. ಅವನು ಕೊಟ್ಟ.

ಆ ದಿನ ಅವಳು ಬಾಗಿಲು ಹಾಕಿಕೊಂಡು ಅತ್ತದ್ದು ಯಾರಿಗೂ ಗೊತ್ತಿಲ್ಲ. ಹೋಗಲಿ, ನಾಳೆಯೋ ನಾಡಿದ್ದೋ ಮತ್ತೆ ಕೇಳುತ್ತಾನೆ ಅಂದುಕೊಂಡಳು. ಹುಡುಗರು ಒಂದೇ ಸಲಕ್ಕೆ ಬಿಡುತ್ತಾರೆಯೇ...

ಅವನು ಬಿಟ್ಟುಬಿಟ್ಟ. ಹೋಟೆಲ್ ಕೆಲಸ ಕಲಿಯಲು ಹೋದನಂತೆ, ಆಮೇಲೆ ಹೊರದೇಶಕ್ಕೆ ಹೋದನಂತೆ. ಬಂದದ್ದು ಇಂಥ 'ಅಂತೆ'ಗಳಷ್ಟೇ. ಅವನು ಬರಲಿಲ್ಲ.

ವರ್ಷಗಳು ಉರುಳಿದವು. ಭೂಮಿಕಾ ಗುಬ್ಬಿಯ ಶಾಲೆಯೊಂದರಲ್ಲಿ ಟೀಚರ್ ಆದಳು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಮಕ್ಕಳು. ಭಾನುವಾರ ಬಂತೆಂದರೆ ಹೆಣ್ಣು ನೋಡುವವರು.

ಅವರ ಕಡೆ ಒಂದು ರೂಢಿ ಇದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ಆದರೆ ಊಟಕ್ಕೆ ಕೂರುವುದಿಲ್ಲ. ಎಲೆಯ ಮುಂದೆ ಕೂತು ಅನ್ನ ಉಂಡರೆ ಸಂಬಂಧಕ್ಕೆ ಒಪ್ಪಿದ ಹಾಗೆ. ಬೇಡ ಅನ್ನುವವರು ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. "ಊಟ ಆಮೇಲೆ ಮಾಡನ ಬುಡಿ" ಅಂದು ಎದ್ದು ಹೋಗುತ್ತಾರೆ. ಆ ಮಾತನ್ನು ಭೂಮಿಕಾ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ. ಒಂದು ಸಲವಲ್ಲ.

ಈ ವರ್ಷ ಗುಬ್ಬಿಯ ಗುಂಡಯ್ಯನವರು ತಮ್ಮ ಮಗ ಸೋಮಶೇಖರನನ್ನು ಕರೆದುಕೊಂಡು ಬಂದರು. ಹುಡುಗ ಬ್ಯಾಂಕಿನ ಕೆಲಸದಲ್ಲಿದ್ದ, ಒಳ್ಳೆಯವನು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಊಟಕ್ಕೇ ಬರುತ್ತೇವೆ ಎಂದು ಹೇಳಿ ಕಳಿಸಿದರು. ಅಲ್ಲಿಗೆ ಎಲ್ಲ ಮುಗಿದ ಹಾಗೆಯೇ.

ಭೂಮಿಕಾ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ.

ಬ್ಯಾಂಕಾಕಿನ ಯೋಚನೆ ಸಂಧ್ಯಾಳದು. ಅವಳು ಬಟವಾಡಿಯ ಕ್ಲಿನಿಕ್ ಒಂದರಲ್ಲಿ ನರ್ಸು, ಭೂಮಿಕಾಳ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದವಳು. ಸಂಕ್ರಾಂತಿ ರಜಕ್ಕೆ ಅಗ್ಗದ ಟಿಕೆಟ್ ಸಿಕ್ಕಿದೆ, ಉಳಿಯಲು ಹಾಸ್ಟೆಲ್ ಬುಕ್ ಮಾಡಿದ್ದೀನಿ, ಮದುವೆಗೆ ಮುಂಚೆ ಇವಳು ಒಂದು ಸಲ ಲೋಕ ನೋಡಲಿ ಎಂದು ಚನ್ನವೀರಯ್ಯನವರನ್ನು ಒಪ್ಪಿಸಿದಳು. ಅಜ್ಜಿ ಬಸವಲಿಂಗಮ್ಮ ಮಾತ್ರ, ಅಲ್ಲಿ ಹುಳಹುಪ್ಪಟೆ ತಿಂತಾರಂತೆ ಎಂದು ರಾಗಿಹಿಟ್ಟಿನ ಗಂಟೊಂದನ್ನು ಸಂಧ್ಯಾಳ ಬ್ಯಾಗಿಗೆ ತುರುಕಿದರು.

ಅದು ಪಾರ್ಟಿ ಹಾಸ್ಟೆಲ್ ಎಂದು ಸಂಧ್ಯಾ ಯಾರಿಗೂ ಹೇಳಿರಲಿಲ್ಲ.

ಬೆನ್ನಿನ ಚೀಲ ಹೊತ್ತು ಲೋಕ ತಿರುಗುವ ಹುಡುಗ ಹುಡುಗಿಯರು ಬಂದಿಳಿಯುವ ಜಾಗ ಅದು. ಒಂದೊಂದು ಕೋಣೆಯಲ್ಲೂ ರೈಲಿನ ಬರ್ತಿನ ಹಾಗೆ ಮೇಲೊಂದು ಕೆಳಗೊಂದು ಮಂಚ, ಪ್ರತಿ ಮಂಚಕ್ಕೂ ಒಂದು ಪರದೆ. ಕೆಳಗೆ ರಿಸೆಪ್ಷನ್ ಅಂದರೆ ಉದ್ದನೆಯ ಬಾರ್ ಕೌಂಟರು. ಅದರ ಮೇಲೆ ಬಿಯರ್ ಬಾಟಲಿಗಳ ನಡುವೆ ನಿಶ್ಚಿಂತೆಯಾಗಿ ಮಲಗಿದ ಬೆಕ್ಕು. ಸಂಗೀತಕ್ಕೆ ನೆಲವೇ ಮಿಡಿಯುತ್ತಿತ್ತು.

ಭೂಮಿಕಾಳ ಕಾಲುಗಳು ಬಾಗಿಲಲ್ಲೇ ನಿಂತವು. ಅಪ್ಪ ಇದನ್ನು ನೋಡಿದರೆ...

ಆಗ ಮೈಕಿನಲ್ಲಿ ಇಂಗ್ಲಿಷಿನಲ್ಲಿ ನಗಿಸುತ್ತಿದ್ದ ದನಿಯೊಂದು ಅರ್ಧಕ್ಕೇ ನಿಂತುಹೋಯಿತು. ಬ್ರೆಜಿಲಿನವರು, ಕೊರಿಯಾದವರು, ಐರ್ಲೆಂಡಿನವರು, ಅಷ್ಟೂ ಜನ ತಿರುಗಿ ನೋಡಿದರು. ಮೈಕು ಹಿಡಿದವನು ಕೌಂಟರಿನ ಹಿಂದಿನಿಂದ ನಿಧಾನವಾಗಿ ಬಂದು ಅವಳೆದುರು ನಿಂತ. ಗಡ್ಡ ಬಂದಿತ್ತು. ಕಣ್ಣು ಅವೇ.

"ಊಟ ಆಯ್ತಾ, ಭೂಮಿಕಾ?"

ನಿನ್ನೆ ಬಿಟ್ಟು ಇವತ್ತು ಸಿಕ್ಕವನ ಹಾಗೆ ಕೇಳಿದ. ಇಷ್ಟು ವರ್ಷಗಳ ಮೇಲೆ, ಇಷ್ಟು ದೂರದಲ್ಲಿ, ಉದಯ್!

ಅವಳು ತಲೆಯಾಡಿಸಿದಳಷ್ಟೇ. ಆಗಿದೆ ಅಂತಲೋ ಇಲ್ಲ ಅಂತಲೋ ಅವಳಿಗೇ ಗೊತ್ತಿರಲಿಲ್ಲ.

ಆ ಹಾಸ್ಟೆಲ್ಲಿನ ರಾತ್ರಿಗಳೆಲ್ಲ ಉದಯನ ಕೈಯಲ್ಲಿದ್ದವು. ಬಂದವರಿಗೆ ಉಣಿಸಿ ಊರು ಸುತ್ತಿಸುವುದೇ ಅಲ್ಲಿ ಅವನ ಕೆಲಸ. ಸಂಜೆಯಾಗುತ್ತಲೇ ಟೆರೇಸಿನ ಮೇಲೆ ಚಾಪೆ ಹಾಸುತ್ತಿದ್ದ, ಎದುರುಬದುರು ಎರಡು ಸಾಲು. ದೇಶದೇಶದ ಮಕ್ಕಳು ಚಕ್ಕಳಮಕ್ಕಳ ಹಾಕಲು ಬಾರದೆ ಒದ್ದಾಡಿ, ನಕ್ಕು, ಕೊನೆಗೆ ಹೇಗೋ ಕೂರುತ್ತಿದ್ದರು. ಎಲ್ಲರ ತಟ್ಟೆಗೂ ಬೀಳುವ ತನಕ ಯಾರೂ ಕೈ ಹಾಕುವಂತಿಲ್ಲ. ಯಾರು, ಎಲ್ಲಿಯವರು, ಯಾಕೆ ಬಂದಿರಿ ಎಂದು ಉಣ್ಣುವ ಮುಂಚೆ ಯಾರನ್ನೂ ಕೇಳುವಂತಿಲ್ಲ. ಬಡಿಸುವವನು ಅವನೇ.

ಬೆಳಿಗ್ಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದವರು ಊಟ ಮುಗಿಯುವುದರೊಳಗೆ ಅಣ್ಣತಂಗಿಯರ ಹಾಗೆ ಕಿತ್ತಾಡುತ್ತಿದ್ದರು. ಭೂಮಿಕಾ ಬೆರಗಾಗಿ ನೋಡುತ್ತಿದ್ದಳು. ಜನ ಕೆಟ್ಟದಾಗಿ ಆಡಿಕೊಳ್ಳುವ ಪಾರ್ಟಿ ಹಾಸ್ಟೆಲ್ ಇದೇನಾ?

ಆಮೇಲೆ ಶುರುವಾಗುತ್ತಿತ್ತು ರಾತ್ರಿ.

ಇಡೀ ಗುಂಪು ಬೀದಿಗಿಳಿಯುತ್ತಿತ್ತು. ಬಣ್ಣಬಣ್ಣದ ದೀಪಗಳ ಕೆಳಗೆ ಆ ಬೀದಿಗೆ ನಿದ್ದೆಯೆಂಬುದೇ ಗೊತ್ತಿರಲಿಲ್ಲ. ಒಂದು ಬಾರಿನ ಹಾಡು ಇನ್ನೊಂದರ ಹಾಡಿಗೆ ಡಿಕ್ಕಿ ಹೊಡೆಯುತ್ತಿತ್ತು. ಕಾವಲಿಯ ಮೇಲೆ ನೂಡಲ್ಸು ಚುರ್ ಅನ್ನುತ್ತಿತ್ತು, ಫುಟ್‌ಪಾತಿನಲ್ಲೇ ಕುರ್ಚಿ ಹಾಕಿ ಕಾಲು ಒತ್ತುತ್ತಿದ್ದರು, ಕಡ್ಡಿಗೆ ಚುಚ್ಚಿದ ಚೇಳನ್ನು ಹಿಡಿದು ಒಬ್ಬಾಕೆ ಸಂಧ್ಯಾಳನ್ನು ಅಟ್ಟಿಸಿಕೊಂಡು ಬಂದಳು. ಗುರುತು ಪರಿಚಯ ಇಲ್ಲದವರು ಕೈ ಹಿಡಿದು ನಡುಬೀದಿಯಲ್ಲಿ ಕುಣಿಯುತ್ತಿದ್ದರು. ಯಾರೂ ಯಾರನ್ನೂ ಅಳೆಯುತ್ತಿರಲಿಲ್ಲ. ಹುಟ್ಟಿದಂದಿನಿಂದ ಯಾರದಾದರೂ ಕಣ್ಣು ತನ್ನ ಬೆನ್ನ ಮೇಲಿದೆ ಅನ್ನಿಸುತ್ತಿದ್ದ ಭೂಮಿಕಾ, ಮೊದಲ ಸಲ ಹಗುರಾದಳು. ಅವಳೂ ಕುಣಿದಳು!

ಉದಯ್ ಕುಣಿಯುತ್ತಿರಲಿಲ್ಲ, ಕುಡಿಯುತ್ತಲೂ ಇರಲಿಲ್ಲ. ಗುಂಪಿನ ಕಟ್ಟಕಡೆಗೆ ನಡೆಯುತ್ತಿದ್ದ. ಎಡವಿದವರ ತೋಳು ಹಿಡಿಯುತ್ತಿದ್ದ, ಅತ್ತವರಿಗೆ ನೀರು ಕುಡಿಸುತ್ತಿದ್ದ, ದಾರಿ ತಪ್ಪಿದವರನ್ನು ಹುಡುಕಿ ತರುತ್ತಿದ್ದ. ಲೀಡರು ಮುಂದೆ ಇರಬೇಕಲ್ವಾ ಎಂದು ಅವಳು ರೇಗಿಸಿದಳು.

"ಮುಂದೆ ಯಾರ್ ಬೇಕಾದ್ರೂ ನಡೀತಾರೆ ಕಣೇ. ಹಿಂದೆ ಉಳಿಯೋರ್ನ ನೋಡ್ಕೊಳೋಕೆ ಒಬ್ರು ಬೇಕು."

ನಡೆಯುತ್ತಾ ಊರಿನ ಮಾತೆಲ್ಲ ಆಯಿತು. ಪ್ರತಿ ಶಿವರಾತ್ರಿಗೂ ತಪ್ಪದೆ ಬರುತ್ತೀನಿ, ಮಠದಲ್ಲಿ ದಾಸೋಹಕ್ಕೆ ಬಡಿಸಿ, ಕೊತ್ತಗೆರೆಯಲ್ಲಿ ಅವ್ವನ್ನ ನೋಡಿಕೊಂಡು ವಾಪಸ್ ಬರ್ತೀನಿ ಅಂದ. ಇಷ್ಟು ಹತ್ತಿರ ಬಂದು ಹೋಗುತ್ತಿದ್ದನೇ? ಅವಳಿಗೆ ಎಲ್ಲೋ ಚುಚ್ಚಿತು. ಗುಬ್ಬಿಯ ಸಂಬಂಧದ ಸುದ್ದಿಯನ್ನು ಬೇಕೆಂದೇ ಹೇಳಿದಳು. ಬರುವ ಭಾನುವಾರ ಊಟಕ್ಕೆ ಬರುತ್ತಿದ್ದಾರೆ ಅಂದಳು. ಅದರ ಅರ್ಥ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಅವನು ನಿಂತ. "ಭೂಮಿಕಾ, ನಿನ್ ಹತ್ರ ಒಂದು..."

ಅವಳು ಉಸಿರು ಹಿಡಿದಳು. ಕೇಳೋ... ಈಗಲಾದರೂ ಕೇಳು.

"...ನೀರಿನ ಬಾಟ್ಲಿ ಇದ್ಯಾ?"

ಕೊಟ್ಟಳು. ಅವನು ಕುಡಿದು, ಮುಚ್ಚಳ ಬಿಗಿದು, ವಾಪಸ್ ಕೊಟ್ಟ.

ಹೊರಡುವ ಮುನ್ನಾದಿನ ಭೂಮಿಕಾ ಒಂದು ತೀರ್ಮಾನಕ್ಕೆ ಬಂದಳು. ಬಾಯಿಬಿಟ್ಟು ಕೇಳಲು ಅವಳಿಗೂ ಧೈರ್ಯ ಸಾಲದು. ಆದರೆ ತಮ್ಮ ಕಡೆಯ ಹೆಣ್ಣಿಗೆ ಬಾಯಿ ತೆರೆಯದೆ ಕೇಳುವ ದಾರಿಯೊಂದಿದೆಯಲ್ಲ... ಎಲೆ ಹಾಕಿ ಕೂರಿಸುವುದು.

ಅಜ್ಜಿ ಕೊಟ್ಟ ರಾಗಿಹಿಟ್ಟು ಹೊರಬಂತು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೋಲಿಲ್ಲದೆ, ಮರದ ಸೌಟಿನಲ್ಲೇ ತಿರುವಿ ಮುದ್ದೆ ಕಟ್ಟಿದಳು. ಮಾರ್ಕೆಟ್ಟಿನಲ್ಲಿ ಸಿಕ್ಕಿದ ಸೊಪ್ಪಿಗೆ ಬೇಳೆ ಹಾಕಿ ಸಾರು ಮಾಡಿದಳು. ಬಾಳೆ ಎಲೆಯ ಚೂರುಗಳನ್ನು ತಂದು ಪಕ್ಕಪಕ್ಕ ಎರಡು ಹಾಕಿದಳು.

ಉದಯ್ ಒಳಗೆ ಬಂದ. ಎಲೆ ನೋಡಿದ. ಮುದ್ದೆ ನೋಡಿದ. ಅವನ ಕಣ್ಣು ತುಂಬಿಕೊಂಡದ್ದು ಬಗ್ಗಿ ಬಡಿಸುತ್ತಿದ್ದ ಅವಳಿಗೆ ಕಾಣಲಿಲ್ಲ.

"ಬಾ, ಕೂತ್ಕೋ. ನನ್ ಜೊತೆ ಉಣ್ಣು."

ಹೊರಗೆ ಅಂಗಳದಲ್ಲಿ ಹುಡುಗರು ಅವನ ಹೆಸರು ಕೂಗುತ್ತಿದ್ದರು. ಬೀದಿಗಿಳಿಯುವ ಹೊತ್ತಾಗಿತ್ತು.

"ನೀನುಣ್ಣು ಭೂಮಿಕಾ. ನಾನ್ ಆಮೇಲೆ ಉಣ್ತೀನಿ."

ಅಷ್ಟೇ ಹೇಳಿ ಹೊರಟುಹೋದ.

ಆಮೇಲೆ...

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಅದೇ ಮಾತು. ಈ ಸಲ ಬಾಗಿಲೂ ಅಡ್ಡ ಇರಲಿಲ್ಲ. ಅವಳಿಗೆ ತುತ್ತು ಇಳಿಯಲಿಲ್ಲ. ಎಲೆಗಳನ್ನು ತಟ್ಟೆಯಿಂದ ಮುಚ್ಚಿ ಮಂಚದ ಪರದೆ ಎಳೆದುಕೊಂಡಳು. ಮರುದಿನ ಬೆಳಗ್ಗೆ ವಿಮಾನಕ್ಕೆ ಹೊರಟಾಗ, ಉದಯನನ್ನು ಎಬ್ಬಿಸಲಾ ಎಂದು ಸಂಧ್ಯಾ ಕೇಳಿದಳು. ಭೂಮಿಕಾ ಬೇಡ ಎಂದು ಟ್ಯಾಕ್ಸಿ ಹತ್ತಿದಳು.

ಭಾನುವಾರ ಬಂತು. ಬಟವಾಡಿಯ ಮನೆಯಲ್ಲಿ ಹೋಳಿಗೆಯ ಪರಿಮಳ. ಗುಂಡಯ್ಯನವರ ಕಡೆಯವರು ನಡುಮನೆಯಲ್ಲಿ ಕೂತಿದ್ದರು. ಚನ್ನವೀರಯ್ಯನವರು ಒಳಗೂ ಹೊರಗೂ ಓಡಾಡುತ್ತಾ, ಸಾಲಾಗಿ ಎಲೆ ಹಾಕಿ ಎಂದರು.

ಅಡುಗೆಮನೆಯಲ್ಲಿ ಸಂಧ್ಯಾ ಎಲೆ ಒರೆಸುತ್ತಿದ್ದಳು. ಗೆಳತಿಯ ಬಾಡಿದ ಮುಖ ನೋಡಿ, ನಗಿಸೋಣವೆಂದು ರೇಗಿಸಿದಳು.

"ಇವತ್ ಮುದ್ದೆ ಮಾಡಿಲ್ಲ ತಾನೆ? ಪಾಪ, ಅವತ್ತು ಆ ಉದಯ್ ಪಾಡು ನೋಡ್ಬೇಕಿತ್ತು ನೀನು."

ಭೂಮಿಕಾಳ ಕೈ ನಿಂತಿತು.

ಸಂಧ್ಯಾ ಹೇಳುತ್ತಾ ಹೋದಳು. ಹೊರಡುವ ದಿನ ಬೆಳಕು ಹರಿಯುವ ಮುಂಚೆ ಬಾಯಾರಿ ಕೆಳಗಿಳಿದಿದ್ದಳಂತೆ. ಕೊನೆಯ ಹುಡುಗನನ್ನು ಮಂಚಕ್ಕೆ ಸೇರಿಸಿ ಉದಯ್ ಅಡುಗೆಮನೆಯ ನೆಲದ ಮೇಲೆ ಕೂತಿದ್ದನಂತೆ. "ತಣ್ಣಗಾದ ಮುದ್ದೆ ಕಲ್ಲಾಗಿತ್ತು ಕಣೇ. ಮುರಿದು ಮುರಿದು ಸಾರಲ್ಲಿ ನೆನೆಸ್ಕೊಂಡು ತಿಂತಿದ್ದ. ಬಿಸಿ ಮಾಡ್ಕೋ ಅಂದ್ರೆ, ಹಿಂಗೇ ಚೆನ್ನಾಗಿದೆ ಅಂದ. ನಿನ್ ಎಲೇಲಿದ್ದಿದ್ದನ್ನೂ ಬಿಡ್ಲಿಲ್ಲ. ಇಷ್ಟ್ ಹೊತ್ತಲ್ಲಿ ಊಟ ಏನೋ ಅಂದ್ರೆ, ಬಡಿಸೋರು ಕೊನೇ ಪಂಕ್ತೀಲಿ ಉಣ್ಬೇಕು, ಮಠದಲ್ಲಿ ಕಲ್ತಿದ್ದು ಅಂದ. ಎಲ್ಲರೂ ಮನೆ ಸೇರೋವರ್ಗೂ ಉಣ್ಣಲ್ವಂತೆ, ದಿನಾ."

ಭೂಮಿಕಾ ಗೋಡೆಗೆ ಒರಗಿದಳು.

ಬೇಡ ಎಂದು ಹೇಳಿರಲಿಲ್ಲ ಅವನು. ಆಮೇಲೆ ಉಣ್ತೀನಿ ಅಂದಿದ್ದ... ಉಂಡಿದ್ದ. ಕಲ್ಲಾದ ಮುದ್ದೆಯ ವಿಷಯದಲ್ಲೂ ಮಾತು ತಪ್ಪದವನು ಬಸ್‌ಸ್ಟಾಪಿನಲ್ಲಿ ಕೊಟ್ಟ ಮಾತನ್ನು ತಪ್ಪುತ್ತಾನೆಯೇ? ಕೇಳಬೇಡ ಅಂದವಳು ತಾನೇ. ಅವನು ಇಷ್ಟು ವರ್ಷ ಅದನ್ನು ಪಾಲಿಸುತ್ತಿದ್ದ. ತಾನೋ, ಅವನು ಮರೆತನೆಂದು ಅಳುತ್ತಿದ್ದಳು!

ನಡುಮನೆಯಲ್ಲಿ ಗುಂಡಯ್ಯನವರು ಊಟಕ್ಕೆ ಏಳುವ ಸದ್ದಾಯಿತು. ಇನ್ನು ಅವರು ಎಲೆಯ ಮುಂದೆ ಕೂತರೆ ಮುಗಿಯಿತು.

ಭೂಮಿಕಾ ಸೆರಗು ಸರಿಪಡಿಸಿಕೊಂಡು ನಡುಮನೆಗೆ ಬಂದಳು. ಅಪ್ಪನ ಕಡೆ ನೋಡಿದರೆ ಧೈರ್ಯ ಹೋಗುತ್ತದೆಂದು ನೇರ ಗುಂಡಯ್ಯನವರ ಎದುರಿಗೇ ನಿಂತಳು.

"ಕ್ಷಮಿಸಿ ಮಾವ... ನಂಗೆ ಬೇರೆ ಒಬ್ರ ಮೇಲೆ ಮನಸ್ಸಿದೆ. ನನಗೇ ಇವತ್ತು ಸರಿಯಾಗಿ ಗೊತ್ತಾಯ್ತು. ನೀವು ಕೂತ ಮೇಲೆ ಹೇಳಿದ್ರೆ ನಿಮಗೆ ಅವಮಾನ."

ಚನ್ನವೀರಯ್ಯನವರ ಮುಖ ಕಪ್ಪಿಟ್ಟಿತು. ಸೋಮಶೇಖರ ತಲೆ ತಗ್ಗಿಸಿದ; ಆಮೇಲೆ ಅವಳ ಕಡೆ ನೋಡಿ, ಪರವಾಗಿಲ್ಲ ಎಂಬಂತೆ ಕಣ್ಣಲ್ಲೇ ಹೇಳಿದ.

ಗುಂಡಯ್ಯನವರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹಂಗಾರೆ ನಾವ್ ಇವತ್ತು ಬೀಗರಲ್ಲ, ದಾರಿಹೋಕರು. ಏನ್ ಚನ್ನವೀರಯ್ಯ, ನಿಮ್ ಮನೇಲಿ ದಾರಿಹೋಕರಿಗೆ ಊಟ ಇಲ್ವಾ? ಹೋಳಿಗೆ ವಾಸನೆ ಬತ್ತಾ ಐತೆ."

ಬಸವಲಿಂಗಮ್ಮ ಒಳಗಿನಿಂದಲೇ, ಕೂರಪ್ಪ ಕೂರು, ಎಲೆ ಹಾಕಾಗೈತೆ ಎಂದರು. ಅಷ್ಟೂ ಜನ ಕೂತು ಉಂಡರು. ಭೂಮಿಕಾ ಅಳುತ್ತಲೇ ಬಡಿಸಿದಳು.

ಆಮೇಲಿನ ದಿನಗಳು ಸುಲಭವಿರಲಿಲ್ಲ. ಚನ್ನವೀರಯ್ಯನವರು ಮಗಳ ಜೊತೆ ಮಾತು ಬಿಟ್ಟರು. ಹುಡುಗ ಯಾರು, ಏನು ಮಾಡುತ್ತಾನೆ ಎಂದು ಅಜ್ಜಿಯ ಮೂಲಕವೇ ಕೇಳಿಸಿದರು. ಉತ್ತರ ಕೇಳಿ ಸಿಡಿದರು. ಕುಡಿದು ಕುಣಿಯುವವರ ಮಧ್ಯೆ ಇರುವವನಿಗೆ ಮಗಳನ್ನು ಕೊಡಲೇ ಅಂದರು.

"ಕುಡಿದೋರ ಮಧ್ಯೆ ಇರೋನಲ್ಲ ಕಣ್ಲಾ ಚನ್ನವೀರ," ಸಂಧ್ಯಾಳಿಂದ ಎಲ್ಲ ಕೇಳಿ ತಿಳಿದಿದ್ದ ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ಹೇಳಿದರು, "ಕುಡಿದೋರ್ನ ಮನೆ ಸೇರ್ಸೋನು. ಕಂಡೋರ ಮಕ್ಳು ಮಲಗೋಗಂಟ ಉಣ್ಣದೋನು ನಿನ್ ಮಗಳ್ನ ಉಪವಾಸ ಕೆಡವ್ತಾನಾ?"

ಚನ್ನವೀರಯ್ಯನವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು.

ಭೂಮಿಕಾ ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಇದು ಫೋನಿನಲ್ಲಿ ಕೇಳುವ ಮಾತಲ್ಲ, ಶಿವರಾತ್ರಿಗೆ ಬರುತ್ತಾನಲ್ಲ, ಎದುರಿಗೇ ಕೇಳು ಎಂದು ಅಜ್ಜಿಯೇ ಹೇಳಿದ್ದರು.

ಶಿವರಾತ್ರಿಯ ಜಾಗರಣೆ ಮುಗಿದ ಬೆಳಿಗ್ಗೆ ಅವಳು ಆಟೋ ನೋಡುತ್ತಾ ಬಾಗಿಲಲ್ಲಿ ನಿಂತಿದ್ದಾಗ ಅಪ್ಪನ ಸ್ಕೂಟರು ಪಕ್ಕಕ್ಕೆ ಬಂದು ನಿಂತಿತು. ಹತ್ತು ಎಂದು ಅವರು ಹೇಳಲಿಲ್ಲ. ಅವಳು ಹತ್ತಿದಳು. ಮಠದ ಬಾಗಿಲಲ್ಲಿ ಇಳಿಸಿ, ಅವಳ ಮುಖ ನೋಡದೆ, "ಆ ಹುಡ್ಗನ್ನ ಮನೆಗ್ ಕರ್ಕೊಂಬಾ. ನಾನೂ ನೋಡ್ಬೇಕಲ್ಲ" ಅಂದರು.

ದಾಸೋಹದ ಮನೆಯಲ್ಲಿ ಸಾಲುಸಾಲು ಜನ. ಕಣ್ಣು ಕೆಂಪಾದ, ರಾತ್ರಿಯಿಡೀ ಎದ್ದಿದ್ದ, ಹಸಿದ ಜನ. ಅವರ ನಡುವೆ ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಿದ್ದ ಉದಯ್. ಅಲ್ಲಿ ಮೈಕು ಹಿಡಿದವನೂ ಇವನೇ, ಇಲ್ಲಿ ಬಕೆಟ್ಟು ಹಿಡಿದವನೂ ಇವನೇ. ಎರಡು ಕಡೆಯೂ ಒಂದೇ ನಗು.

ಭೂಮಿಕಾ ಏನೂ ಹೇಳದೆ ಪಾಯಸದ ಬಕೆಟ್ಟು ತೆಗೆದುಕೊಂಡು ಅವನ ಹಿಂದೆಯೇ ಬಡಿಸುತ್ತಾ ನಡೆದಳು. ಅವನು ತಿರುಗಿ ನೋಡಿದ. ಸೌಟಿನ ಸಾರು ನೆಲಕ್ಕೆ ಚೆಲ್ಲಿತು. ಮುಂದೆ ಕೂತಿದ್ದ ಮುದುಕರೊಬ್ಬರು, ಸಾರು ಎಲೆಗೆ ಹಾಕಪ್ಪ, ನೆಲಕ್ಕಲ್ಲ ಎಂದು ಗದರಿದರು.

ಪಂಕ್ತಿಗಳು ಎದ್ದವು, ಕೂತವು, ಎದ್ದವು. ಬಿಸಿಲು ಇಳಿಯುವ ಹೊತ್ತಿಗೆ ಬಡಿಸಿದವರು ಉಣ್ಣಲು ಕೂತರು. ಇಬ್ಬರೂ ಪಕ್ಕಪಕ್ಕದಲ್ಲಿ.

"ನೀನು ಆಗ್ಲೇ ಉಣ್ಬೋದಿತ್ತು," ಅವನು ಮೆಲ್ಲಗೆ ಅಂದ.

"ಬಡಿಸೋರು ಕೊನೇ ಪಂಕ್ತೀಲಿ ಅಲ್ವಾ?"

ಅವನು ತುತ್ತು ಕಟ್ಟುತ್ತಿದ್ದವನು ನಿಲ್ಲಿಸಿದ.

"ಗುಬ್ಬಿಯೋರು..."

"ಉಂಡ್ಕೊಂಡು ಹೋದ್ರು. ದಾರಿಹೋಕರ ಥರ." ಅವಳು ಅವನ ಕಡೆ ಪೂರ್ತಿ ತಿರುಗಿದಳು. ಈ ಸಲ ಅವನ ಭುಜದ ಆಚೆ ಏನಿದೆ ಎಂದು ನೋಡಲಿಲ್ಲ. "ಉದಯ್, ನನ್ನ ಮದುವೆ ಆಗ್ತೀಯಾ?"

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟ.

"ಈ ಮಾತು ಇನ್ನೊಂದ್ಸಲ ಎತ್ಬಾರ್ದು ಅಂತ ನೀನೇ ಅಂದಿದ್ದೆ."

"ಅಂದಿದ್ದು ನಿಂಗೆ. ನಂಗಲ್ಲ."

"ನಂದು ರಾತ್ರಿಯೆಲ್ಲ ಎದ್ದಿರೋ ಕೆಲ್ಸ ಕಣೇ. ಅಲ್ಲೇ ಇರ್ಬೇಕಾಗುತ್ತೆ."

"ಗೊತ್ತು. ನಾನ್ ಬರ್ತೀನಿ. ನೀನ್ ಹಿಂದೆ ನಡಿ, ನಾನ್ ನಿನ್ ಪಕ್ಕ ನಡೀತೀನಿ."

"ಹೂಂ," ಅಂದ ಉದಯ್. ಅಷ್ಟೇ ಅವನಿಂದ ಆದದ್ದು. ಎಡಗೈಯಿಂದ ಕಣ್ಣೊರೆಸಿಕೊಂಡು ಇನ್ನೊಂದು ಸಲ "ಹೂಂ ಭೂಮಿ" ಅಂದ.

ಎರಡನೇ ಸಲ ಕೇಳುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಅವನು ಕೇಳಲಿಲ್ಲ.